ನನ್ನ ಬಾಯಿ, ನಿಮ್ಮ ಅಕ್ಷರ

ಬಿಳಿಚೋಡು
ಭಾನುವಾರ, 9 ನವೆಂಬರ್ 2025

ರಘುನಾಥ ಅವರಿಗೆ,

ಮದುವೆಯಾದಾಗಿನಿಂದ ನಿಮಗೆ ಬರೆದ ಯಾವ ಪತ್ರವನ್ನೂ ನಾನು 'ಪ್ರೀತಿಯ' ಎಂಬ ಮಾತಿಲ್ಲದೆ ಶುರು ಮಾಡಿದವಳಲ್ಲ. ಇವತ್ತು ಆ ಮಾತು ಬಾಯಿಗೆ ಬರಲಿಲ್ಲ. ಬಾಯಿಗೆ ಬಾರದ್ದನ್ನು ಈ ಫೋನು ಬರೆಯುವುದಿಲ್ಲ. ನೀವಾಗಿದ್ದರೆ ನಾನು ಹೇಳದಿದ್ದರೂ ಸೇರಿಸಿಬಿಡುತ್ತಿದ್ದಿರಿ.

ಹೌದು, ಈ ಪತ್ರವನ್ನು ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ಅವ್ವನ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಅದಕ್ಕೆ ಹೊರಗಿನ ಕಟ್ಟೆಯ ಮೇಲೆ ಕೂತಿದ್ದೇನೆ. ಪಕ್ಕದಲ್ಲಿ ಅವ್ವ ಮೊರದಲ್ಲಿ ತೊಗರಿ ಹಸನು ಮಾಡುತ್ತಾ ನನ್ನ ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಾಳೆ. ಕೇರಿಯವರೂ ಹೋಗುತ್ತಾ ಬರುತ್ತಾ ಕೇಳಿಸಿಕೊಳ್ಳುತ್ತಿದ್ದಾರೆ. ಕೇಳಿಸಿಕೊಳ್ಳಲಿ ಬಿಡಿ, ಮುಚ್ಚಿಡುವ ಕೆಲಸ ನಿಮ್ಮದಾಗಿತ್ತು, ನನ್ನದಲ್ಲ. ಬರೆಸಿದ್ದನ್ನು ಅನ್ನಪೂರ್ಣಳಿಗೆ ಕಳಿಸುತ್ತೇನೆ. ನನ್ನ ಜೊತೆ ಚನ್ನಗಿರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಅವಳೇ ಅಲ್ಲವೇ ನನಗೆ ಈ ಫೋನಿನ ವಿದ್ಯೆ ಕಲಿಸಿದ್ದು! 'ಪೂರ್ಣವಿರಾಮ' ಎಂದು ಹೇಳಿದರೆ ಈ ಫೋನು ಚುಕ್ಕೆ ಇಡುವುದಿಲ್ಲ, ಆ ಪದವನ್ನೇ ಉದ್ದಕ್ಕೆ ಬರೆಯುತ್ತದೆ. ಅನ್ನಪೂರ್ಣ ಅದನ್ನು ತೆಗೆದು ಚುಕ್ಕೆ ಇಟ್ಟು, ಮತ್ತೇನನ್ನೂ ಮುಟ್ಟದೆ, ಪ್ರಿಂಟ್ ತೆಗೆದು ನಿಮ್ಮ ಕೈಗೆ ಕೊಡುತ್ತಾಳೆ. ಕೊಡುವ ಮೊದಲು ಅವಳು ಅದನ್ನು ನನಗೆ ವಾಪಸ್ ಕಳಿಸಬೇಕು, ಫೋನು ಪೂರ್ತಿ ಓದಿ ಹೇಳಬೇಕು ಎಂದು ಕರಾರು ಮಾಡಿಕೊಂಡಿದ್ದೇನೆ. ಸ್ನೇಹಿತೆಯ ಮೇಲೂ ಅಪನಂಬಿಕೆ ಪಡುವಂತೆ ಮಾಡಿಟ್ಟಿದ್ದೀರಿ ನನ್ನನ್ನು.

ನಿಮಗೆ ಗೊತ್ತಿರುವುದನ್ನೇ ಹೇಳುತ್ತೇನೆ. ಗೊತ್ತಿದ್ದೂ ಮಾಡಿದಿರಲ್ಲ, ಅದಕ್ಕಾಗಿಯೇ ಹೇಳಬೇಕು. ಆರು ವರ್ಷದ ಹಿಂದೆ ಗ್ಲಾಕೋಮ ನನ್ನ ಎರಡೂ ಕಣ್ಣನ್ನು ತಿಂದು ಮುಗಿಸಿದಾಗ ನಾನು ಅತ್ತದ್ದು ಕೆಲಸ ಹೋಯಿತೆಂದಲ್ಲ, ಇನ್ನು ಕಥೆ ಬರೆಯುವುದು ಹೇಗೆಂದು. ಆಸ್ಪತ್ರೆಯ ವರಾಂಡದಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದಿರಿ, "ನೀನು ಹೇಳು, ನಾನು ಬರೀತೀನಿ. ನನ್ನ ಕೈ ನಿಂದೇ ಅನ್ಕ." ನಾನು ನಂಬಿದೆ. ನೀವು ಆಫೀಸಿನಿಂದ ಬಂದು ಕೈಕಾಲು ತೊಳೆದು ಟೀ ಕುಡಿದು ಕೂತರೆ ನಾನು ಹೇಳುತ್ತಿದ್ದೆ, ನೀವು ಬರೆಯುತ್ತಿದ್ದಿರಿ. ನಾನು ಒಂದು ವಾಕ್ಯಕ್ಕಾಗಿ ಎಷ್ಟು ಹೊತ್ತು ಸುಮ್ಮನೆ ಕೂತರೂ ನೀವು ಪೆನ್ನು ಹಿಡಿದು ಕಾಯುತ್ತಿದ್ದಿರಿ. ಬರೆದಾದ ಮೇಲೆ ಓದಿ ಹೇಳುತ್ತಿದ್ದಿರಿ. ಒಂದಕ್ಷರ ಆಚೀಚೆ ಇರುತ್ತಿರಲಿಲ್ಲ. ಎಂಥ ಗಂಡ ಸಿಕ್ಕಿದ್ದಾನೆ ನನಗೆ ಎಂದು ಕಂಡಕಂಡವರ ಮುಂದೆಲ್ಲ ಕೊಂಡಾಡಿದೆನಲ್ಲ, ನನ್ನ ಬುದ್ಧಿಗಿಷ್ಟು!

ಆಮೇಲೆ ಆ ಹಾಳೆಗಳನ್ನು ಆಫೀಸಿಗೆ ಒಯ್ದು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪತ್ರಿಕೆಗೆ ಕಳಿಸುತ್ತಿದ್ದಿರಿ. ಕೆಲಸ ಕೆಡುತ್ತಿದ್ದದ್ದು ಅಲ್ಲಿ. ಟೈಪಿಸುವಾಗ ನೀವು ನನ್ನ ಕಥೆಗೆ ನಿಮ್ಮ ಕೈಯಾಡಿಸುತ್ತಿದ್ದಿರಿ. ಪತ್ರಿಕೆ ಮನೆಗೆ ಬಂದ ದಿನ ನನ್ನನ್ನು ಎದುರು ಕೂರಿಸಿಕೊಂಡು 'ಅಚ್ಚಾದ ಕಥೆ' ಓದುತ್ತಿದ್ದಿರಿ. ಪತ್ರಿಕೆಯ ಹಾಳೆ ಮಗುಚುವ ಸದ್ದು ಕೇಳಿಸುತ್ತಿತ್ತು. ಆದರೆ ಓದುತ್ತಿದ್ದದ್ದು, ಈಗ ನೀವೇ ಒಪ್ಪಿಕೊಂಡ ಹಾಗೆ, ನಿಮ್ಮ ತೊಡೆಯ ಮೇಲಿದ್ದ ಹಳೆಯ ರಫ್ ಪ್ರತಿ. ಕಣ್ಣಿದ್ದವರಿಗೆ ಮೋಸ ಮಾಡಬೇಕೆಂದರೆ ಕಣ್ಣಿಗೆ ಮಣ್ಣೆರಚಬೇಕು. ನನ್ನ ವಿಷಯದಲ್ಲಿ ನಿಮಗೆ ಆ ಶ್ರಮವೂ ಇರಲಿಲ್ಲ.

ಇದು ಬಯಲಾದದ್ದು ಹೇಗೆಂದು ನೀವು ಫೋನಿನಲ್ಲಿ ಮತ್ತೆಮತ್ತೆ ಕೇಳಿದಿರಿ. ಯಾರು ಚಾಡಿ ಹೇಳಿದರು ಎಂಬುದೇ ನಿಮ್ಮ ಚಿಂತೆ. ಚಾಡಿ ಹೇಳಿದ್ದು ಇದೇ ಫೋನು. ಪುಸ್ತಕದ ಪುಟದ ಮೇಲೆ ಹಿಡಿದರೆ ಓದಿ ಹೇಳುವ ಆ್ಯಪನ್ನು ಅನ್ನಪೂರ್ಣ ಇದರಲ್ಲಿ ಹಾಕಿಕೊಟ್ಟಿದ್ದಳು. ದೀಪಾವಳಿಗೆ ಇಲ್ಲಿಗೆ ಬಂದಾಗ ಅವ್ವ ಕೇಳಿದಳು, "ನನ್ ಕತೆ ಬರ್ದೀನಿ ಅಂತೀಯಲ್ಲೇ, ಒಂದ್ಸಲನಾದ್ರೂ ಕೇಳ್ಸಿದೀಯಾ?" ಸರಿ, ನನ್ನ ಕಥೆಗಳೆಲ್ಲ ಸೇರಿ ಬಂದ ಪುಸ್ತಕವನ್ನು ಅವ್ವನ ಕೈಲೇ ಹಿಡಿಸಿದೆ. ಪಕ್ಕದ ಮನೆಯ ಭೀಮಕ್ಕನೂ ಬಂದು ಕೂತಳು. 'ಗೂಡಿನ ಲೋಟ' ಕಥೆಯನ್ನು ಫೋನು ಓದತೊಡಗಿತು. ಏರಿಳಿತವಿಲ್ಲದ ಸಪ್ಪೆ ದನಿ. ಆದರೂ ನನ್ನ ಎದೆ ಉಬ್ಬಿತ್ತು. ಅವ್ವನ ಬದುಕನ್ನು ಅವ್ವನಿಗೇ ಕೇಳಿಸುತ್ತಿದ್ದೇನೆ ಎಂದು.

ಆ ಕಥೆಯನ್ನು ನಾನು ಹೇಳುವಾಗ ನೀವು ಬರೆದುಕೊಂಡ ಸಂಜೆ ನಿಮಗೂ ನೆನಪಿರಬೇಕು. ಕಥೆಯಲ್ಲಿ ನಾನಿನ್ನೂ ಶಾಲೆಗೆ ಸೇರದ ಹುಡುಗಿ. ಸಂತೆಗೆ ಹೋಗುವ ದಾರಿಯಲ್ಲಿ ಒಂದು ಟೀ ಹೋಟೆಲು. ನಮ್ಮ ಜನಕ್ಕೆ ಒಳಗೆ ಕೂರುವಂತಿಲ್ಲ. ಹೊರಗೋಡೆಯ ಗೂಡಿನಲ್ಲಿ ನಮಗೆಂದೇ ಬೇರೆ ಲೋಟ. ನಾವೇ ತೆಗೆದುಕೊಂಡು, ಮೇಲಿನಿಂದ ಹೊಯ್ಯಿಸಿಕೊಂಡು, ಕುಡಿದು, ತೊಳೆದು ಮತ್ತೆ ಗೂಡಿನಲ್ಲೇ ಇಡಬೇಕು. ಒಂದು ದಿನ ಅವ್ವ ಆ ಗಾಜಿನ ಲೋಟವನ್ನು ಹೋಟೆಲಿನ ಮೆಟ್ಟಿಲಿಗೆ ಕುಕ್ಕಿ ಒಡೆದು, ನನ್ನ ಕೈ ಹಿಡಿದುಕೊಂಡು ತಿರುಗಿ ನೋಡದೆ ನಡೆದಳು. ನಾನು ಹೇಳಿದ ಕಥೆ ಅಲ್ಲಿಗೆ ಮುಗಿಯುತ್ತದೆ.

ಫೋನು ಓದಿದ ಕಥೆಯಲ್ಲಿ ಅವ್ವ ಲೋಟ ಒಡೆಯಲೇ ಇಲ್ಲ. ಲೋಟ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಹೋಟೆಲಿನವನ ಕಣ್ಣು ತುಂಬಿ ಬಂತು. ಒಳಗಿನಿಂದ ಸ್ಟೀಲ್ ಲೋಟ ತಂದು, "ತಾಯಿ, ನನ್ನ ಕಣ್ಣು ತೆರೆಸಿದೆ" ಎಂದು ಕೈಮುಗಿದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಅವನಿಗೆ ಒಳ್ಳೆಯದಾಗಲಿ ಎಂದು ಹರಸಿದಳು. ಹರಸಿದಳಂತೆ! ಭೀಮಕ್ಕನಿಗೆ ನಗು ತಡೆಯಲಾಗಲಿಲ್ಲ. "ಅಯ್ಯ ಶಿವನೇ, ಅವನ ಕಣ್ಣಾಗೆ ನೀರಾ? ಒಲೆ ಹೊಗೆ ತುಂಬಿರ್ಬೇಕು ಬಿಡವ್ವ" ಎಂದಳು. ಅವ್ವ ಮಾತ್ರ ನಗಲಿಲ್ಲ. "ಇದು ಯಾರ್ ಕತೆನೇ ಯಶೋಧರಾ? ನಂದಲ್ಲ ಇದು" ಎಂದಳು.

ನಾನು ಮೊದಲು ಬೈದದ್ದು ಫೋನನ್ನು. ಹಾಳು ಮಿಷನ್ನು ಯಾವುದೋ ಬೇರೆ ಪುಸ್ತಕ ಓದುತ್ತಿದೆ ಎಂದೆ. ನೋಡಿ, ಆಗಲೂ ನಿಮ್ಮ ಮೇಲೆ ಅನುಮಾನ ಬರಲಿಲ್ಲ ನನಗೆ. ಅನ್ನಪೂರ್ಣಳಿಗೆ ಫೋನ್ ಮಾಡಿ, ಅವಳ ಬಳಿ ಇದ್ದ ಪುಸ್ತಕ ತೆಗೆಸಿ, ಕಥೆಯ ಕೊನೆಯನ್ನು ಓದಿಸಿದೆ. ಅದೇ ಕಣ್ಣೀರು, ಅದೇ ಸ್ಟೀಲ್ ಲೋಟ. "ಯಾಕೆ ಯಶೋಧರಾ, ನೀವೇ ಬರೆದಿದ್ದಲ್ವಾ?" ಎಂದು ಅವಳು ಕೇಳಿದಳು. ಮಾರನೆಯ ದಿನದಿಂದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿಕೊಂಡೆ. ಕೇರಿ ಎಂದಿದ್ದ ಕಡೆಯೆಲ್ಲ ಹಳ್ಳಿ ಆಗಿದೆ. ಗೌಡನ ಮಗ 'ಒಬ್ಬ ಯುವಕ' ಆಗಿದ್ದಾನೆ. ಬೈಗುಳವಿದ್ದ ಕಡೆ ನಿಟ್ಟುಸಿರಿದೆ. ನನ್ನ ಹೆಂಗಸರೆಲ್ಲ ಕ್ಷಮಿಸಿಬಿಟ್ಟಿದ್ದಾರೆ, ಒಬ್ಬಳನ್ನೂ ಬಿಡದೆ. ಬೇಲಿಯೇ ಎದ್ದು ಹೊಲ ಮೇಯ್ದಿತು ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೆನೋ. ಅದರ ಉರಿ ಗೊತ್ತಾದದ್ದು ಈಗ.

ಹೊನ್ನಾಳಿಯಲ್ಲಿ ಪುಸ್ತಕ ಬಿಡುಗಡೆಯಾದ ದಿನ ಮಾತಾಡಿದವರೊಬ್ಬರು ಹೋಟೆಲಿನವನ ಪಶ್ಚಾತ್ತಾಪವನ್ನು ಬಾಯ್ತುಂಬ ಹೊಗಳಿದರು. ಯಾವ ಪಶ್ಚಾತ್ತಾಪ ಎಂದು ನಾನು ನಿಮ್ಮ ಕಿವಿಯಲ್ಲಿ ಕೇಳಿದೆ. ನೀವು ನನ್ನ ಕೈ ಒತ್ತಿ, "ಸುಮ್ನಿರು, ಇವ್ರೆಲ್ಲ ಪುಸ್ತಕ ಓದ್ದೇನೇ ಮಾತಾಡಾಕೆ ಬರ್ತಾರೆ" ಎಂದಿರಿ. ನಾನು ನಕ್ಕೆ. ವೇದಿಕೆಯ ಮೇಲೆ ಶಾಲು ಹೊದ್ದುಕೊಂಡು, ನನ್ನ ಪುಸ್ತಕ ಓದಿಕೊಂಡು ಬಂದಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ಮನಸ್ಸಿನಲ್ಲೇ ಗೇಲಿ ಮಾಡಿಕೊಂಡು ನಕ್ಕೆ. ಆ ನಗು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಸಿಕ್ಕಿಬಿದ್ದ ಮೇಲೆ ನೀವು ಕೊಟ್ಟ ಸಮಜಾಯಿಷಿ ಕೇಳಿ ನನ್ನ ಸಿಟ್ಟು ಇಮ್ಮಡಿಯಾಯಿತೇ ಹೊರತು ಇಳಿಯಲಿಲ್ಲ. "ಕೆಳಗಡೆ ಮನೆ ಓನರ್ರೂ ಪತ್ರಿಕೆ ಓದ್ತಾರೆ ಕಣೇ. ಆಫೀಸಿನಾಗೂ ಓದ್ತಾರೆ. ನಾಳೆ ಮಗಳಿಗೆ ಸಂಬಂಧ ನೋಡಾಕೆ ಹೋದ್ರೆ ಏನು ಹೇಳಾದು? ನಿನ್ ಒಳ್ಳೇದಕ್ಕೇ ಮಾಡಿದ್ದು." ನನ್ನ ಒಳ್ಳೆಯದಕ್ಕೆ! ಚನ್ನಗಿರಿಯ ಆ ಮನೆಯ ಹಾಲ್‌ನಲ್ಲಿ ಬುದ್ಧನಿದ್ದಾನೆ, ಯಾಕೆಂದರೆ ಈಗ ಎಲ್ಲರ ಶೋಕೇಸಿನಲ್ಲೂ ಬುದ್ಧನಿರುತ್ತಾನೆ, ಯಾರೂ ಏನೂ ಕೇಳುವುದಿಲ್ಲ. ಬಾಬಾಸಾಹೇಬರ ಫೋಟೊ ಮಾತ್ರ ಬೆಡ್‌ರೂಮಿನ ಬೀರುವಿನ ಪಕ್ಕ. ಅದನ್ನೂ ನಾನು ಸಹಿಸಿಕೊಂಡೆ. ನ್ಯಾಮತಿಯಲ್ಲಿದ್ದಾಗ ಬಾಡಿಗೆ ಮನೆ ಕೇಳಲು ಹೋದರೆ, "ಯಾವ ಜನ ನೀವು?" ಎಂದು ಕೇಳಿ ತಿಳಿದುಕೊಂಡು, ಮನೆ ಆಗಲೇ ಬೇರೆಯವರಿಗೆ ಆಗಿಹೋಗಿದೆ ಎಂದರಲ್ಲ. ಆ ದಿನ ನೀವು ಊಟ ಮಾಡಲಿಲ್ಲ. ನನಗೆ ಮರೆತಿಲ್ಲ ರೀ. ನಿಮ್ಮ ಭಯ ಎಲ್ಲಿಂದ ಬಂತೆಂದು ನನಗೆ ಗೊತ್ತಿಲ್ಲವೇ? ಆದರೆ ಆ ಮನೆಯವನಿಗೆ ನೀವು ಒಂದು ಮಾತು ಆಡಲಿಲ್ಲ. ಆ ಸೇಡು ತೀರಿಸಿಕೊಂಡದ್ದು ನನ್ನ ಅವ್ವನ ಮೇಲೆ. ಅವಳ ಕೈಲಿ ಅವನಂಥವನಿಗೇ ಹರಕೆ ಹೇಳಿಸಿದಿರಿ.

ಫೋನಿಗೆ ಹೇಳಿ ಬರೆಸುವುದನ್ನು ನಾನು ಕಲಿಯತೊಡಗಿದಾಗ ನೀವು ಮುನಿಸಿಕೊಂಡಿರಿ. "ಆ ಮಿಷನ್ನಿಗೆ ನಿನ್ ಭಾಷೆ ಏನ್ ತಿಳಿತೈತೆ? ಹೆಂಗ್ ಬರಿತೈತೋ ಏನೋ" ಎಂದಿರಿ. ಗಂಡನಿಗೆ ನನ್ನ ಜೊತೆ ಕೂರುವ ಹೊತ್ತು ತಪ್ಪಿಹೋಗುತ್ತದೆಂಬ ಬೇಸರ ಎಂದುಕೊಂಡು ನಾನು ಕರಗಿಹೋಗಿದ್ದೆ. ಈಗ ತಿಳಿಯಿತು, ಅದು ಬೇಸರವಲ್ಲ, ಹೆದರಿಕೆ.

ಈ ಮಿಷನ್ನಿನ ಜೊತೆ ಏಗುವುದು ಸುಲಭವೆಂದು ಹೇಳುತ್ತಿಲ್ಲ. ಕೋಳಿ ಕೂಗಿದರೆ ಅದಕ್ಕೆ ಗಲಿಬಿಲಿ. ಅವ್ವ ಕೆಮ್ಮಿದರೆ ನನ್ನ ವಾಕ್ಯದ ನಡುವೆ ಇಲ್ಲದ ಪದವೊಂದು ಬಂದು ಕೂರುತ್ತದೆ. ನಾನು ಯೋಚಿಸಲು ಒಂದು ಗಳಿಗೆ ಸುಮ್ಮನಾದರೆ ಟುಣ್ ಎಂದು ಸದ್ದು ಮಾಡಿ ಕೇಳುವುದನ್ನೇ ನಿಲ್ಲಿಸಿಬಿಡುತ್ತದೆ. ಹಾಗಾಗಿ ಪೂರ್ತಿ ವಾಕ್ಯವನ್ನು ತಲೆಯಲ್ಲಿ ಕಟ್ಟಿಕೊಂಡೇ ಬಾಯಿ ತೆರೆಯಬೇಕು. ಮೊದಮೊದಲು ನಾಚಿಕೆಯಾಗುತ್ತಿತ್ತು. ಬರೆಯುವುದೆಂದರೆ ಸದ್ದಿಲ್ಲದ ಕೆಲಸ, ಇದು ಸಂತೆಯಲ್ಲಿ ಕೂಗಿದ ಹಾಗೆ. ಒಬ್ಬಳೇ ಕೂತು ಜೋರಾಗಿ ಬೈಯುವುದನ್ನು, ಅಳುವುದನ್ನು, ಜಗಳವಾಡುವುದನ್ನು ಕೇಳಿ ಭೀಮಕ್ಕ, "ಮಗಳಿಗೆ ಗಾಳಿಗೀಳಿ ಸೋಕೈತೇನೋ ನೋಡ್ಸೇ" ಎಂದು ಅವ್ವನಿಗೆ ಹೇಳಿದ್ದಳಂತೆ. ಈಗ ಅವಳೇ ದಿನಾ ಬಂದು ಕೂರುತ್ತಾಳೆ. ನಾನು ತಡವರಿಸಿದರೆ, "ಆಮ್ಯಾಲೇನಾತು, ಹೇಳ್ ಮತ್ತೆ" ಎಂದು ಗದರಿಸುತ್ತಾಳೆ. ಅವಳ ಗದರಿಕೆಯೂ ಕಥೆಯೊಳಗೆ ಅಚ್ಚಾಗಿಬಿಡುತ್ತದೆ.

ಇಷ್ಟೆಲ್ಲ ತಪ್ಪು ಮಾಡುವ ಈ ಫೋನಿನ ಮೇಲೆ ನನಗೆ ಸಿಟ್ಟಿಲ್ಲ. ಅದು ನನ್ನನ್ನು ಅರ್ಥ ಮಾಡಿಕೊಳ್ಳದೆ ತಪ್ಪು ಬರೆಯುತ್ತದೆ. ನೀವು ಚೆನ್ನಾಗಿ ಅರ್ಥ ಮಾಡಿಕೊಂಡು ತಪ್ಪು ಬರೆದಿರಿ. ಅದಕ್ಕೆ ಓನರ್ ಇಲ್ಲ, ಆಫೀಸಿಲ್ಲ, ಸಂಬಂಧ ನೋಡಬೇಕಾದ ಮಗಳಿಲ್ಲ. ಇನ್ನೊಂದು ಮಾತು ಹೇಳಬಾರದೆಂದಿದ್ದೆ, ಬಾಯಿಗೆ ಬಂದಿದೆ, ಇರಲಿ. ಆ ಟುಣ್ ಸದ್ದು ಕೇಳಿದಾಗಲೆಲ್ಲ ನನಗೆ ಪೆನ್ನು ಹಿಡಿದು ಸುಮ್ಮನೆ ಕಾಯುತ್ತಿದ್ದ ನೀವು ನೆನಪಾಗುತ್ತೀರಿ. ಹಾಗೆ ನೆನಪಾಗುವುದಕ್ಕೂ ನಿಮ್ಮ ಮೇಲೆ ನನಗೆ ಸಿಟ್ಟಿದೆ.

ಈಗ ಕೆಲಸದ ಮಾತು. ಕಾಲೇಜಿನ ಓಂಕಾರಪ್ಪ ಮೇಷ್ಟ್ರು ಫೋನ್ ಮಾಡಿದ್ದರು. 'ಗೂಡಿನ ಲೋಟ'ವನ್ನು ಪದವಿ ತರಗತಿಯ ಪಠ್ಯಕ್ಕೆ ಆರಿಸಿದ್ದಾರೆ, ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ, ನೀವು ನನ್ನ ಪರವಾಗಿ ಒಪ್ಪಿಗೆಯನ್ನೂ ಕೊಟ್ಟಾಗಿದೆ. ನನಗೆ ಹೇಳಲಿಲ್ಲವೇಕೆ? ಹಬ್ಬಕ್ಕೆ ಸಿಹಿಸುದ್ದಿ ಎಂದು ಮುಚ್ಚಿಟ್ಟಿದ್ದಿರೋ? ಅಚ್ಚಾಗಿರುವ ಕೊನೆ ನನ್ನದಲ್ಲ, ನನ್ನ ಕೊನೆಯನ್ನು ಫೋನಿಗೆ ಹೇಳಿ ಬರೆಸಿ ಕಳಿಸುತ್ತೇನೆ ಎಂದು ಅವರಿಗೆ ಹೇಳಿದೆ. ಅವರು ತಡವರಿಸಿದರು. "ಸಮಿತಿಯೋರು ಒಪ್ಪಿದ್ದೇ ಆ ಕೊನೆಗೆ ಮೇಡಂ. ಮಕ್ಕಳಿಗೆ ಒಳ್ಳೇ ಸಂದೇಶ ಐತೆ ಅಂತ. ಅದು ಬದಲಾದ್ರೆ ಕತೆ ಉಳಿಯೋದು ಕಷ್ಟ" ಎಂದರು. ಮೇಲಾಗಿ ನಾನು ಹೇಳಿದ್ದನ್ನು ಅವರು ನಂಬಿಯೂ ಇಲ್ಲ. ಕಣ್ಣು ಕಾಣದವಳಿಗೆ ಏನೋ ಗೊಂದಲವಾಗಿದೆ, ಯಜಮಾನರನ್ನೇ ಕೇಳೋಣ ಎಂಬ ಧಾಟಿಯಲ್ಲಿ ಮಾತಾಡಿದರು.

ಆದ್ದರಿಂದ ನೀವೇ ಹೇಳಬೇಕು. ಓಂಕಾರಪ್ಪನವರಿಗೆ ನಿಮ್ಮ ಬಾಯಿಂದಲೇ, "ಆ ಕೊನೆ ನಾನು ಬರೆದದ್ದು, ನನ್ನ ಹೆಂಡತಿಯದಲ್ಲ" ಎಂದು ಹೇಳಬೇಕು. ನಾನು ಕಳಿಸುವ ಕಥೆಯನ್ನು ಅವರು ತೆಗೆದುಕೊಂಡರೆ ತೆಗೆದುಕೊಳ್ಳಲಿ, ಬಿಟ್ಟರೆ ಬಿಡಲಿ. ನನ್ನ ಅವ್ವ ಊರೂರಿನ ಕಾಲೇಜಿನಲ್ಲಿ ಅಳುತ್ತಾ ಕೂರುವುದು ಬೇಡ. ಕ್ಲಾಸಿನಲ್ಲಿ ನಮ್ಮ ಮಕ್ಕಳೂ ಕೂತಿರುತ್ತಾರೆ. ಅವಳು ಕಣ್ಣೊರೆಸಿಕೊಂಡು ಆಶೀರ್ವಾದ ಮಾಡುವುದನ್ನು ಮೇಷ್ಟ್ರು ಓದಿ ಹೇಳುವಾಗ ಆ ಮಕ್ಕಳು ಮುಖ ಎಲ್ಲಿಟ್ಟುಕೊಳ್ಳಬೇಕು? ನೀವು ಈ ಒಂದು ಮಾತು ಹೇಳುವವರೆಗೆ ನಾನು ಚನ್ನಗಿರಿಗೆ ಬರುವುದಿಲ್ಲ. ಕರೆಯಲು ಬರಬೇಡಿ. ಮಗಳ ಕೈಲಿ ಫೋನ್ ಮಾಡಿಸಬೇಡಿ. ಅವಳಿಗೆ ನಾನೇ ಎಲ್ಲವನ್ನೂ ಹೇಳಿದ್ದೇನೆ. "ಸಂಬಂಧದ ನೆಪಕ್ಕೆ ನನ್ ಹೆಸರು ಯಾಕೆ ತಂದ್ರು ಅಪ್ಪ?" ಎಂದು ಅವಳೂ ಕೇಳುತ್ತಿದ್ದಾಳೆ. ಅದಕ್ಕೂ ಉತ್ತರ ಹುಡುಕಿಟ್ಟುಕೊಳ್ಳಿ.

ಒಬ್ಬರು ಆಡಿದ ಮಾತನ್ನು ತಮಗೆ ಬೇಕಾದಂತೆ ತಿದ್ದುವ ಹಕ್ಕು ಯಾರಿಗೂ ಇಲ್ಲ. ಗಂಡನಿಗೂ ಇಲ್ಲ. ಮೇಷ್ಟ್ರಿಗೂ ಇಲ್ಲ. ಅವ್ವನ ಮುಂದೆ ಕೂತು ಹೇಳುತ್ತಿದ್ದೇನೆ ಇದನ್ನು.

ಮಾತ್ರೆ ನೀವು ನೀವಾಗಿಯೇ ನೆನಪಿಟ್ಟುಕೊಂಡು ತೆಗೆದುಕೊಳ್ಳಿ. ಬಿ.ಪಿ. ಏರಿಸಿಕೊಂಡು ಅದನ್ನೂ ನನ್ನ ತಲೆಗೆ ಕಟ್ಟಬೇಡಿ.

ಜೈಭೀಮ್.

ನಿಮ್ಮ ಹೆಂಡತಿ (ಇವತ್ತಿನ ಮಟ್ಟಿಗೆ ಈ ಪದವನ್ನು ಅಳಿಸಿಲ್ಲ),
ಯಶೋಧರಾ

ಮರೆತ ಮಾತು: ಮರೆತದ್ದು ನಾನಲ್ಲ, ಅವ್ವ ಫೋನು ಕಸಿದುಕೊಂಡಳು. "ಅಷ್ಟೊತ್ತಿಂದ ನನ್ ವಿಷ್ಯಾನೇ ಆಡ್ತಿದೀಯ, ನಾನೂ ಒಂದ್ ಮಾತು ಹೇಳ್ತೀನಿ, ಅದ್ನೂ ಬರ್ಕಳ್ಳಿ ಇದು" ಎಂದು ಹಟ ಹಿಡಿದಳು. ಇಲ್ಲಿಂದ ಮುಂದೆ ಅವಳ ಮಾತು, ಹೇಗೆ ಬಿತ್ತೋ ಹಾಗೆ. ಕೇಳಿ ಮುಗಿದ ಮೇಲೆ ಅಳಿಸಿಬಿಡೋಣ ಎನ್ನಿಸಿತು. ಬೆರಳು ಅಲ್ಲಿಯವರೆಗೂ ಹೋಯಿತು. ಅಳಿಸಲಿಲ್ಲ.

ಅಳಿಯಂದ್ರೇ, ನಾನು ಹೊನ್ನೂರಮ್ಮ. ಊಟ ಆತಾ? ನೀವು ಮಾಡಿದ್ದು ತಪ್ಪೇ, ಅದ್ರಾಗೆ ಎರಡು ಮಾತಿಲ್ಲ. ನಾನು ಆವತ್ತು ಅಳಲಿಲ್ಲ. ಅವನಿಗೆ ಒಳ್ಳೇದಾಗ್ಲಿ ಅಂತ ಅನ್ನಾಕೆ ನನಗೇನು ಹುಚ್ಚಾ? ಆದ್ರೆ ಲೋಟಾನೂ ಒಡೀಲಿಲ್ಲ ಕಣ್ರಿ. ಅದು ಇವಳು ಕಟ್ಟಿದ್ದು. ಒಡೆದ್ರೆ ಆ ಹೋಟ್ಲು ಸಾಹುಕಾರ ನಮ್ಮೋರ ಮ್ಯಾಲೆ ದಂಡ ಹಾಕ್ಸಿ ಇನ್ನೊಂದು ಲೋಟ ತಂದಿಡ್ತಿದ್ದ, ಅಷ್ಟೇ. ನಾನು ಟೀ ಪೂರ್ತಿ ಕುಡಿದೆ, ಕಾಸು ಕೊಟ್ಟಿದ್ನಲ್ಲ. ಲೋಟ ತೊಳೀಲಿಲ್ಲ, ಗೂಡಿಗೂ ಇಡ್ಲಿಲ್ಲ, ಮಡ್ಲಾಗೆ ಹಾಕ್ಕಂಡು ಮನಿಗೆ ಬಂದೆ. ಮುಂದಿನ ಸಂತೆಗೆ ಭೀಮಕ್ಕ ಒಂದು ತಂದ್ಲು. ಅದರ ಮುಂದಿನ ಸಂತೆಗೆ ದ್ಯಾಮಮ್ಮ ತಂದ್ಲು. ಅವನು ಹೊಸಾವು ಇಟ್ಟ, ಅವನ್ನೂ ತಂದ್ವಿ. ಇಟ್ಟೂ ಇಟ್ಟೂ ಸಾಕಾಗಿ ಕಡೀಗೆ ಬಾಯಿ ಮುಚ್ಕಂಡು ಒಳಗಿನ ಲೋಟದಾಗೇ ಕೊಟ್ಟ. ಕಣ್ಣು ತೆರೀಲಿಲ್ಲ ಅವನದು, ಗೂಡು ಖಾಲಿ ಆತು. ಇವಳಿಗೆ ಎಲ್ಲಾ ಗೊತ್ತೈತೆ. ಇವಳೇ ಒಂದ್ ಲೋಟ ಲಂಗದಾಗೆ ಮುಚ್ಕಂಡು ಓಡಿ ಬಂದಿದ್ಲು. ಅವ್ವ ಕದ್ಲು ಅಂತ ಬರಿಯಾಕೆ ನಾಚ್ಕೆ ಆತೇನೋ, ಓದಿದೋರು ಏನಂತಾರೋ ಅಂತ. ನೀವು ಹೆದ್ರಿ ಬದಲು ಮಾಡಿದ್ರಿ, ಇವಳು ನಾಚಿ ಬದಲು ಮಾಡಿದ್ಲು. ನಡುವೆ ನಾನು ಎಲ್ಲೋದೆ? ನೀವೂ ಬರ್ರಿ ಇಲ್ಲಿಗೆ, ಇವಳು ಬರಬ್ಯಾಡ ಅಂದ್ರೂ ಬರ್ರಿ, ಈ ಮನಿ ನಂದು. ಗಂಡ ಹೆಂಡ್ತಿ ಇಬ್ರೂ ನನ್ ಮುಂದೆ ಕೂತ್ಕಂಡು ಬರೀರಿ, ನಾನು ಹೇಳ್ತೀನಿ. ಆ ಲೋಟ ಇನ್ನೂ ಐದಾರು ಅದಾವೆ. ನಿಮಗೂ ಟೀ ಅದರಾಗೇ ಕೊಡ್ತೀನಿ.